ಪಕ್ಕದ ಮನೆಯ ಷೆಡ್ಡಿನ ಹೆಡ್ಡುಗಳು

ಅಕ್ಟೋಬರ್ 5, 2024, ಶನಿವಾರ. ಸ್ಯಾಗಿನಾ, ಮಿಷಿಗನ್

ಪಕ್ಕದ ಮನೆಯ ಷೆಡ್ಡಿನಲ್ಲಿ ಹದಿಮೂರು ಸಿಲಿಂಡರ್ ಹೆಡ್ಡುಗಳಿವೆ. ಎಲ್ಲವೂ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿನವು. ಎಲ್ಲವೂ ಬೀಡು ಕಬ್ಬಿಣ. ಒಂದೊಂದೂ ಸುಮಾರು 20 ಕೆಜಿ ತೂಗುತ್ತದೆ. ಆ ಮನೆಯ ಅಜ್ಜ ಹೋದ ಮೇಲೆ ಅಜ್ಜಿ ಷೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಈಗ ಮನೆ ಮಾರಿ ಮಗಳ ಊರಿಗೆ ಹೋಗುವ ತೀರ್ಮಾನ ಮಾಡಿದ್ದಾರೆ. ಮೊನ್ನೆ ಒಬ್ಬ ಬಂದು ಎಲ್ಲವನ್ನೂ ಒಟ್ಟಿಗೆ ಗುಜರಿ ತೂಕಕ್ಕೆ ಕೇಳಿದನಂತೆ. ಮರುದಿನ ಬಂದ ಇನ್ನೊಬ್ಬ, ‘ಇದರಲ್ಲಿ ಕಾರ್ವೆಟ್‌ನ ಹೆಡ್ಡುಗಳಿವೆ, ಚಿನ್ನದ ಬೆಲೆ ಬಾಳುತ್ತವೆ’ ಎಂದು ಹೇಳಿ ಹೋದನಂತೆ. ಯಾರ ಮಾತು ನಂಬುವುದು ಎಂದು ಅಜ್ಜಿ ನನ್ನನ್ನು ಕೇಳಿದರು. ಎರಡನ್ನೂ ಈಗ ನಂಬಬೇಡಿ, ನಾನು ಒಂದೊಂದಾಗಿ ನೋಡಿ ಬರೆದುಕೊಡುತ್ತೇನೆ ಎಂದೆ.

ಅಜ್ಜ ಇದೇ ಊರಿನ ಫೌಂಡ್ರಿಯಲ್ಲಿ ಮರಳಿನ ಕೋರ್ ಮಾಡುವ ವಿಭಾಗದಲ್ಲಿ ದುಡಿದವರು. ಹೆಡ್ಡಿನೊಳಗೆ ನೀರು ಓಡಾಡುವ ಪೊಳ್ಳು, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಇವೆಲ್ಲ ಮರಳಿನ ಕೋರುಗಳು ಬಿಟ್ಟುಹೋದ ಜಾಗಗಳು. ಕರಗಿದ ಕಬ್ಬಿಣ ಸುರಿದು, ಗಟ್ಟಿಯಾದ ಮೇಲೆ ಮರಳನ್ನು ಅಲುಗಿಸಿ ಉದುರಿಸುತ್ತಾರೆ. ಮರಳಿನಲ್ಲಿ ತಗ್ಗಾಗಿದ್ದ ಅಂಕಿ ಕಬ್ಬಿಣದಲ್ಲಿ ಉಬ್ಬಿ ನಿಲ್ಲುತ್ತದೆ. ಅರವತ್ತು ವರ್ಷದ ಎಣ್ಣೆ, ಮಸಿ, ತುಕ್ಕು ಮೆತ್ತಿದ್ದರೂ ವೈರ್ ಬ್ರಷ್ ಆಡಿಸಿದರೆ ಓದಬಹುದು. ಅಜ್ಜ ಬದುಕಿದ್ದಾಗ ಬೇಲಿಯ ಆಚೆ ನಿಂತೇ ನನಗೆ ಇಷ್ಟನ್ನೂ ಕಲಿಸಿದ್ದರು. ಆ ಋಣವೂ ಇದೆ.

ಈ ಎಂಜಿನ್ನು 1955ರ ಮಾದರಿ ಕಾರುಗಳಲ್ಲಿ 265 ಘನ ಇಂಚಿನದಾಗಿ ಬಂತು. ಆಗ ಷೆವ್ರೊಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್. ಆಮೇಲೆ 283, 327, 350, 400, 305 ಎಂದು ಅಳತೆಗಳು ಬದಲಾದವು. ಆದರೆ ಪಕ್ಕಪಕ್ಕದ ಸಿಲಿಂಡರುಗಳ ನಡುಗೆರೆಗಳ ಅಂತರ 4.4 ಇಂಚು, ಅದು ಮಾತ್ರ ಬದಲಾಗಲಿಲ್ಲ. ಹೀಗಾಗಿ ಒಂದು ಎಂಜಿನ್ನಿನ ಹೆಡ್ಡನ್ನು ಇನ್ನೊಂದರ ಮೇಲೆ ಕೂರಿಸಬಹುದು. ಎಡಕ್ಕೂ ಬಲಕ್ಕೂ ಅದೇ ಹೆಡ್ಡು. ಸರಿಯಾಗಿ ಗುರುತಿಸದೆ ಮಾರಿದರೆ ಕೊಂಡವನ ಎಂಜಿನ್ನು ಹಾಳಾಗುವುದೂ ಇದೇ ಕಾರಣಕ್ಕೆ. ಬೋಲ್ಟು ಹಾಕುವಾಗ ಯಾವ ತಕರಾರೂ ಬರುವುದಿಲ್ಲ, ಎಲ್ಲ ಆಮೇಲೆ ಓಡಿಸುವಾಗಲೇ ಗೊತ್ತಾಗುವುದು.

ಅಕ್ಟೋಬರ್ 6, ಭಾನುವಾರ

ಬೆಳಿಗ್ಗೆ ತಿಂಡಿ ಮುಗಿಸಿ ಮಗಳನ್ನೂ ಕರೆದುಕೊಂಡು ಹೋದೆ. ಮೊದಲು ನಂಬರು ನೋಡುವುದು ಬೇಡ, ಹೊರಗಿನ ಗುರುತುಗಳನ್ನು ನೋಡಿ ಗುಂಪು ಮಾಡೋಣ ಎಂದೆ. ಎಂಜಿನ್ನು ಕಾರಿನಲ್ಲೇ ಇದ್ದಾಗ ವಾಲ್ವ್ ಕವರ್ ಬಿಚ್ಚಲು ಎಲ್ಲರೂ ಬಿಡುವುದಿಲ್ಲ. ಹೊರಗಿನಿಂದಲೇ ಗುರುತಿಸಲು ಬರುವುದು ಒಳ್ಳೆಯದು.

ಹೆಡ್ಡಿನ ಎರಡು ತುದಿಗಳಲ್ಲೂ ಎರಕದಲ್ಲೇ ಮೂಡಿದ ಒಂದು ಆಕಾರವಿರುತ್ತದೆ. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಎರಡು ದಿಬ್ಬದ ಗುರುತು. ಇಲ್ಲಿಯವರು ಅದನ್ನು ಒಂಟೆಯ ಡುಬ್ಬ ಎನ್ನುತ್ತಾರೆ. ಆ ಗುರುತಿನವು ನಾಲ್ಕು ಸಿಕ್ಕವು. ‘ಅಪ್ಪಾ, ನಾಲ್ಕೂ ಒಂದೇ ಥರ ಅಲ್ಲ. ಇವೆರಡರ ತುದೀಲಿ ತೂತಿದೆ, ಅವೆರಡರಲ್ಲಿ ಇಲ್ಲ’ ಎಂದಳು. ಸರಿಯಾಗಿ ಹಿಡಿದಳು. 1969ರ ಮಾದರಿಯಿಂದ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪುಗಳ ಬ್ರಾಕೆಟ್ಟುಗಳನ್ನು ಹೆಡ್ಡಿನ ತುದಿಗೇ ಬಿಗಿಯತೊಡಗಿದರು. ಅದಕ್ಕೆ ಥ್ರೆಡ್ ಹಾಕಿದ ತೂತುಗಳು ಬಂದವು. ತೂತಿಲ್ಲದ್ದು ಅದಕ್ಕೂ ಹಿಂದಿನದು. ಹೊಸ ಕಾಲದ ಬ್ರಾಕೆಟ್ಟುಗಳಿರುವ ಕಾರಿಗೆ ತೂತಿಲ್ಲದ ಹೆಡ್ಡು ಕೊಂಡು ತಂದವನು ಆಲ್ಟರ್ನೇಟರನ್ನು ಎಲ್ಲಿ ಕಟ್ಟಬೇಕೋ ತಿಳಿಯದೆ ಕೂರುತ್ತಾನೆ.

ಮುಂದಿನ ಗುರುತು ವಾಲ್ವ್ ಕವರಿನ ಬೋಲ್ಟು. ಹಳೆಯವುಗಳಲ್ಲಿ ಬೋಲ್ಟುಗಳು ಕವರಿನ ಅಂಚಿನ ಸುತ್ತ ಇರುತ್ತವೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವು ಕವರಿನ ನಡುಗೆರೆಗೆ ಬಂದವು. ನಮ್ಮ ಗುಂಪಿನಲ್ಲಿ ನಡುಗೆರೆ ಬೋಲ್ಟಿನವು ಎರಡು. ಅವೆರಡರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವ ಮುಖವನ್ನೂ ನೋಡಿದೆವು. ಒಂದು ಹೆಡ್ಡಿಗೆ ನಾಲ್ಕೇ ಬೋಲ್ಟು, ಅದೂ ನೆಟ್ಟಗೆ ಮೇಲಿನಿಂದ ಇಳಿಯುವಂಥವು. ಬೇರೆ ಎಲ್ಲದರಲ್ಲೂ ಆರು. ನಾಲ್ಕು ಬೋಲ್ಟು ನೋಡಿದ ಕೂಡಲೇ ನಂಬರು ಓದದೆಯೇ ನನಗೆ ಗೊತ್ತಾಯಿತು. ಆದರೆ ಅವಳಿಗೆ ಹೇಳಲಿಲ್ಲ, ಅವಳೇ ಓದಲಿ ಎಂದು.

ಸ್ಪಾರ್ಕ್ ಪ್ಲಗ್ ಕೂರುವ ಜಾಗವೂ ಹೇಳುತ್ತದೆ. ಅರವತ್ತರ ದಶಕದ್ದಾದರೆ ಪ್ಲಗ್ಗಿನ ಕೆಳಗೆ ವಾಷರ್ ಕೂರಲು ಚಪ್ಪಟೆ ಮುಖ. ಎಪ್ಪತ್ತರ ದಶಕದವುಗಳಲ್ಲಿ ವಾಷರ್ ಇಲ್ಲದ ಸಣ್ಣ ಪ್ಲಗ್, ಓರೆ ಮುಖ. ಬೆರಳು ಆಡಿಸಿದರೇ ತಿಳಿಯುತ್ತದೆ.

ಅಕ್ಟೋಬರ್ 9, ಬುಧವಾರ

ಕೆಲಸದಿಂದ ಬಂದು ಒಂದು ಗಂಟೆ ಸಿಕ್ಕಿತು. ವಾಲ್ವ್ ಕವರಿನ ಕೆಳಗೆ ರಾಕರುಗಳ ನಡುವೆ ಇರುವ ಅಂಕಿಗಳನ್ನು ಸೀಮೆಎಣ್ಣೆ ಹಾಕಿ ಉಜ್ಜಿ ಓದಿದೆ. ಆರರಿಂದ ಎಂಟು ಅಂಕಿಯ ಎರಕದ ನಂಬರು ಒಂದು, ಎರಕ ಹೊಯ್ದ ತಾರೀಖು ಒಂದು.

ತಾರೀಖಿನಲ್ಲಿ ಮೊದಲು ತಿಂಗಳಿಗೊಂದು ಇಂಗ್ಲಿಷ್ ಅಕ್ಷರ. ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೇ ಡಿಸೆಂಬರಿಗೆ ಎಲ್. ಆಮೇಲೆ ದಿನ. ಕೊನೆಗೆ ವರ್ಷದ ಕೊನೆಯ ಅಂಕಿ ಮಾತ್ರ. ‘ಜಿ 19 6’ ಎಂದರೆ ಜುಲೈ 19, ಆರರಲ್ಲಿ ಕೊನೆಯಾಗುವ ವರ್ಷ. 1966ಓ 1976ಓ ಎಂದು ತಾರೀಖು ಹೇಳುವುದಿಲ್ಲ, ಅದನ್ನು ಎರಕದ ನಂಬರು ಹೇಳಬೇಕು. ಆ ಹೆಡ್ಡಿನ ನಂಬರು 333882. ಅದು 1974ರಿಂದ ಬಂದ ಎರಕ. ಹಾಗಾಗಿ 1976.

ಒಂಟೆ ಡುಬ್ಬದ, ತೂತಿರುವ ಎರಡೂ 3927186. ಇಲ್ಲಿನವರ ಬಾಯಲ್ಲಿ ಬರಿಯ ‘186’. ಜೋಡಿ ಎಂದು ಅಜ್ಜ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಒಂದರ ಮೇಲೆ ‘ಸಿ 14 9’, ಇನ್ನೊಂದರ ಮೇಲೆ ‘ಕೆ 6 9’. ಒಂದು 1969ರ ಮಾರ್ಚ್ 14, ಇನ್ನೊಂದು ಅದೇ ವರ್ಷದ ನವೆಂಬರ್ 6. ಕಾರ್ಖಾನೆಯಲ್ಲಿ ಒಂದೇ ಎಂಜಿನ್ನಿಗೆ ಹಾಕಿದ ಹೆಡ್ಡುಗಳಾದರೆ ತಾರೀಖುಗಳು ಹತ್ತಿರಹತ್ತಿರ ಇರುತ್ತವೆ, ಎಂಜಿನ್ನು ಜೋಡಿಸಿದ ದಿನಕ್ಕಿಂತ ಸ್ವಲ್ಪ ಮುಂಚಿನವಾಗಿರುತ್ತವೆ. ಓಡಿಸಲು ಇವೆರಡು ಜೋಡಿಯೇ, ಅಡ್ಡಿಯಿಲ್ಲ. ಆದರೆ ಹಳೆಯ ಕಾರನ್ನು ಹುಟ್ಟಿದಾಗಿನಂತೆಯೇ ನಿಲ್ಲಿಸಬೇಕು ಎಂದು ಹಣ ಸುರಿಯುವವನಿಗೆ ಇವು ಜೋಡಿಯಲ್ಲ. ಚೀಟಿಯಲ್ಲಿ ಎರಡೂ ತಾರೀಖು ಬರೆಯಬೇಕು.

ಅಕ್ಟೋಬರ್ 12, ಶನಿವಾರ

ಮೈಸೂರಿಗೆ ಫೋನ್ ಮಾಡಿದ್ದೆ. ನಿನ್ನೆ ಆಯುಧಪೂಜೆ, ಇವತ್ತು ಜಂಬೂಸವಾರಿ. ಭಾವ ನಿನ್ನೆ ಅಂಗಡಿಯ ಸ್ಪ್ಯಾನರು, ಲೇತು, ಕಟ್ಟಿಟ್ಟ ಎರಡು ಯೆಜ್ಡಿ ಎಂಜಿನ್ನು, ಎಲ್ಲಕ್ಕೂ ಕುಂಕುಮ ಇಟ್ಟರಂತೆ. ನಾನು ಮಾಡುತ್ತಿರುವ ಕೆಲಸ ಹೇಳಿದೆ. ‘ಒಂದು ಹೆಡ್ಡಿಗೆ ಇಷ್ಟೆಲ್ಲ ಓದಬೇಕಾ? ನಮ್ಮದರಲ್ಲಿ ಹೆಡ್ಡು ಅಂದ್ರೆ ಒಂದು ಮುಚ್ಚಳ ಕಣಯ್ಯ’ ಎಂದರು. ಅವರ ಮಟ್ಟಿಗೆ ನಿಜ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಎಂಜಿನ್ನು ಎರಡು ಸ್ಟ್ರೋಕಿನದು. ಗಾಳಿ, ಹೊಗೆಯ ದಾರಿಗಳೆಲ್ಲ ಸಿಲಿಂಡರಿನಲ್ಲೇ ಇವೆ. ವಾಲ್ವ್ ಇಲ್ಲ, ಸೀಟಿಲ್ಲ, ಗೈಡಿಲ್ಲ. ಈ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಉಸಿರಾಟವೆಲ್ಲ ಹೆಡ್ಡಿನದೇ. ಬ್ಲಾಕು ಒಂದೇ ಇರಲಿ, ಹೆಡ್ಡು ಬದಲಾದರೆ ಎಂಜಿನ್ನಿನ ಗುಣವೇ ಬದಲು.

ಭಾವನಿಗೆ ಇದನ್ನು ಹೇಳಿದಾಗ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ‘ನಂಬರು ಒಂದೇ ಇದ್ದರೆ ವಾಲ್ವೂ ಒಂದೇ ಇರುತ್ತಾ?’ ಇರುವುದಿಲ್ಲ. ಉಳಿದ ಎರಡು ಒಂಟೆ ಡುಬ್ಬದವು 3782461. 1962ರಿಂದ 327 ಎಂಜಿನ್ನಿಗೆ ಬಂದವು. ಕಾರ್ವೆಟ್‌ನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನಿನಲ್ಲೂ ಇದ್ದವು. ಅದರಿಂದಲೇ ಆ ಗುರುತು ಕಂಡ ಕೂಡಲೇ ಜನ ‘ಫ್ಯುಯೆಲಿ’ ಎಂದು ಕೂಗುವುದು. ಮೊದಲು ಇನ್‌ಟೇಕ್ ವಾಲ್ವ್ 1.94 ಇಂಚು. 1964ರಲ್ಲಿ ಹೆಚ್ಚು ಶಕ್ತಿಯ ಎಂಜಿನ್ನುಗಳಿಗೆ 2.02 ಇಂಚು ಬಂತು. ಎರಕ ಅದೇ, ನಂಬರು ಅದೇ. ಸೀಟನ್ನು ಅಗಲ ಕೊರೆದದ್ದು ಎರಕವಾದ ಮೇಲೆ, ಮೆಷಿನ್ ಷಾಪಿನಲ್ಲಿ. ಆ ನಂಬರು ಫೌಂಡ್ರಿ ಹೊಯ್ದದ್ದರ ನಂಬರು. ಬಿಡಿಭಾಗದ ಪುಸ್ತಕದಲ್ಲಿರುವ ಪಾರ್ಟ್ ನಂಬರು ಬೇರೆ.

ವರ್ನಿಯರ್ ಇಟ್ಟು ಅಳೆದೆ. ಒಂದರಲ್ಲಿ 1.94, ಇನ್ನೊಂದರಲ್ಲಿ 2.02. ಈ 2.02 ಕಾರ್ಖಾನೆಯದೋ, ಆಮೇಲೆ ಯಾವುದೋ ಅಂಗಡಿಯಲ್ಲಿ ಕೊರೆಸಿದ್ದೋ ಎನ್ನುವುದನ್ನು ನಂಬರಾಗಲಿ ಅಳತೆಯಾಗಲಿ ಹೇಳುವುದಿಲ್ಲ. ಅದನ್ನು ಚೀಟಿಯಲ್ಲಿ ‘2.02 ಇಂಚು ಇದೆ’ ಎಂದಷ್ಟೇ ಬರೆಯುತ್ತೇನೆ. ಫ್ಯುಯೆಲಿ ಎಂಬ ಹೆಸರು ನನ್ನ ಕೈಯಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ದುಡ್ಡು ಕೊಟ್ಟವರು ಎಷ್ಟೋ ಜನ, ಅವರಲ್ಲಿ ನಿಜವಾದ ಇಂಜೆಕ್ಷನ್ ಎಂಜಿನ್ನಿನ ಹೆಡ್ಡು ಕೈಗೆ ಬಂದವರು ಬಹಳ ಕಡಿಮೆ.

ಅಕ್ಟೋಬರ್ 13, ಭಾನುವಾರ

ಇವತ್ತು ಇಡೀ ದಿನ ಚೇಂಬರ್, ಅಂದರೆ ಹೆಡ್ಡಿನಲ್ಲಿ ಇಂಧನ ಉರಿಯುವ ತಗ್ಗು, ಅಳೆದದ್ದು. ಈ ಕೆಲಸದಲ್ಲಿ ನನಗೆ ಬೇರೆಲ್ಲಕ್ಕಿಂತ ಇದೇ ಇಷ್ಟ.

ಹೆಡ್ಡನ್ನು ಮಗುಚಿ ಸ್ವಲ್ಪ ಓರೆಯಾಗಿ ಇಟ್ಟು, ವಾಲ್ವು, ಪ್ಲಗ್ಗು ಹಾಕಿ, ಚೇಂಬರಿನ ಅಂಚಿಗೆ ತೆಳ್ಳಗೆ ಗ್ರೀಸ್ ಬಳಿದು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಒತ್ತಿದೆ. ಹಾಳೆಯಲ್ಲಿ ಎತ್ತರದ ಕಡೆ ಒಂದು ತೂತು. ಆ ತೂತಿನಿಂದ ಬ್ಯುರೆಟ್ಟಿನಲ್ಲಿದ್ದ ಬಣ್ಣದ ನೀರನ್ನು ಇಳಿಸುವುದು. ಮೊದಲು ಧಾರೆಯಾಗಿ, ಕೊನೆಯಲ್ಲಿ ಹನಿಹನಿಯಾಗಿ. ಹಾಳೆಯ ಕೆಳಗೆ ಗಾಳಿಯ ಗುಳ್ಳೆ ಸಣ್ಣದಾಗುತ್ತಾ ತೂತಿನ ಹತ್ತಿರ ಬಂದು ಹೋಗಿಬಿಡುತ್ತದೆ. ಆಗ ಬ್ಯುರೆಟ್ಟಿನ ಅಂಕಿ ಓದಬೇಕು. ಮಗಳು ಕೂತು ಬರೆದುಕೊಂಡಳು. ಕಾಲೇಜಿನಲ್ಲಿ ಟೈಟ್ರೇಷನ್ ಮಾಡುವಾಗ ನನಗೆ ಇಲ್ಲದ ಶ್ರದ್ಧೆ ಇಲ್ಲಿ ಇತ್ತು.

186ರ ಎರಡರಲ್ಲೂ 64 ಸಿಸಿ ಹತ್ತಿರ ಬಂತು. ಇರಬೇಕಾದ್ದೂ ಅಷ್ಟೇ. 882ರಲ್ಲಿ 76. 3998993 ಎಂಬ ಇನ್ನೊಂದು ಜೋಡಿಯಲ್ಲೂ 76. 305 ಎಂಜಿನ್ನಿನ 14014416ರಲ್ಲಿ 58.

64ಕ್ಕೂ 76ಕ್ಕೂ ನಡುವಿನ ಈ ಹನ್ನೆರಡು ಸಿಸಿಗೆ ಏನು ಬೆಲೆ ಎಂದು ಅವಳು ಕೇಳಿದಳು. ಲೆಕ್ಕ ಹಾಕಿ ತೋರಿಸಿದೆ. 350 ಎಂಜಿನ್ನಿನ ಬೋರು 4 ಇಂಚು, ಸ್ಟ್ರೋಕು 3.48 ಇಂಚು. ಒಂದು ಸಿಲಿಂಡರಿಗೆ ಸುಮಾರು 717 ಸಿಸಿ. ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ನಿನ ಮೇಲಿನ ತಗ್ಗು, ಪಿಸ್ಟನ್ನು ಬ್ಲಾಕಿನ ಮುಖಕ್ಕೆ ಪೂರಾ ಬರದೆ ಉಳಿಯುವ ಜಾಗ, ಇವೆಲ್ಲ ಸೇರಿ 20 ಸಿಸಿ ಎಂದುಕೊಳ್ಳೋಣ. 64ರ ಹೆಡ್ಡು ಹಾಕಿದರೆ ಮೇಲೆ ಉಳಿಯುವುದು 84. 717ಕ್ಕೆ 84 ಕೂಡಿಸಿ 84ರಿಂದ ಭಾಗಿಸಿದರೆ ಕಂಪ್ರೆಷನ್ ರೇಷಿಯೋ 9.5. 76ರದ್ದಾದರೆ ಉಳಿಯುವುದು 96, ರೇಷಿಯೋ 8.5. ಪೂರ್ತಿ ಒಂದು ಅಂಕಿ ಇಳಿಯಿತು. ಅದೇ ಬ್ಲಾಕು, ಅದೇ ಪಿಸ್ಟನ್ನು. ಇದೇ ಲೆಕ್ಕದಲ್ಲಿ 58ರ ಹೆಡ್ಡನ್ನು 350ರ ಮೇಲಿಟ್ಟರೆ ರೇಷಿಯೋ 10 ದಾಟುತ್ತದೆ. ಅದಕ್ಕೇ ಕೆಲವರು ಅಗ್ಗದ 305ರ ಹೆಡ್ಡು ಹುಡುಕುತ್ತಾರೆ. ಆದರೆ ಅದರ ಇನ್‌ಟೇಕ್ ವಾಲ್ವ್ 1.84 ಇಂಚು, ಉಸಿರು ಸಾಲದು. ಸಾಮಾನ್ಯ ಪೆಟ್ರೋಲಿನಲ್ಲಿ ನಾಕಿಂಗ್ ಕಾಟ ಬೇರೆ.

1971ರಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ನುಗಳ ಕಂಪ್ರೆಷನ್ ಇಳಿಸಿದ್ದು ಸೀಸ ಕಡಿಮೆಯಿರುವ ಪೆಟ್ರೋಲಿಗೆ ಒಗ್ಗಲಿ ಎಂದು. ಹೆಡ್ಡುಗಳ ಚೇಂಬರಿನಲ್ಲಿ ಆ ಕಾಲದ ಕಾನೂನು, ಗಾಳಿಯ ಮಾಲಿನ್ಯದ ಚಿಂತೆ ಎಲ್ಲ ಅಚ್ಚಾಗಿವೆ. ಎಕ್ಸಾಸ್ಟ್ ಸೀಟನ್ನು ಗಟ್ಟಿ ಮಾಡಲು ಶುರುಮಾಡಿದ್ದೂ ಆಗಲೇ. ಅದಕ್ಕೂ ಹಿಂದಿನ 461, 186ರಂಥವುಗಳಲ್ಲಿ ಸೀಟಿನ ಕಬ್ಬಿಣ ಮೆತ್ತಗೆ. ಸೀಸವಿಲ್ಲದ ಪೆಟ್ರೋಲಿನಲ್ಲಿ ಭಾರ ಎಳೆಸಿದರೆ ವಾಲ್ವು ನಿಧಾನವಾಗಿ ಸೀಟಿನೊಳಕ್ಕೆ ಇಳಿಯುತ್ತದೆ. ಗಟ್ಟಿ ಸೀಟು ಕೂರಿಸಿದ್ದಾರೋ ಎಂದು ಬ್ಯಾಟರಿ ಹಿಡಿದು ನೋಡಿದೆ. ಕೂರಿಸಿದ್ದರೆ ಸುತ್ತ ಕೂದಲೆಳೆಯಂಥ ಸೇರುಗೆರೆ ಕಾಣಬೇಕು. 186ರಲ್ಲಿ ಕಂಡಿತು. 461ರಲ್ಲಿ ಇಲ್ಲ.

ಆ 2.02 ವಾಲ್ವಿನ 461ರಲ್ಲಿ ಬ್ಯುರೆಟ್ಟು 58ಕ್ಕೇ ನಿಂತಿತು. ಇನ್ನೊಮ್ಮೆ ಅಳೆದರೂ ಅಷ್ಟೇ. ಇದೂ 64ರ ಹತ್ತಿರ ಇರಬೇಕಿತ್ತು. ಅಂದರೆ ಮುಖವನ್ನು ಮಿಲ್ಲಿಂಗ್ ಮಾಡಿಸಿದ್ದಾರೆ. ಈ ಹೆಡ್ಡುಗಳಲ್ಲಿ ಒಂದು ಸಿಸಿ ಕಡಿಮೆ ಮಾಡಲು ಸುಮಾರು ಇಂಚಿನ ಸಾವಿರದಲ್ಲಿ ಆರು ಭಾಗ ತೆಗೆಯಬೇಕು. ಇದರಲ್ಲಿ ಸಾಕಷ್ಟೇ ಹೋಗಿದೆ. ವಿ ಆಕಾರದ ಎಂಜಿನ್ನಿನಲ್ಲಿ ಹೆಡ್ಡು ಕೆಳಗಿಳಿದರೆ ನಡುವೆ ಕೂರುವ ಮ್ಯಾನಿಫೋಲ್ಡಿನ ಪೋರ್ಟುಗಳೂ ಬೋಲ್ಟಿನ ತೂತುಗಳೂ ತಪ್ಪುತ್ತವೆ. ಕೊಳ್ಳುವವನು ಮ್ಯಾನಿಫೋಲ್ಡಿನ ಮುಖವನ್ನೂ ತೆಗೆಸಬೇಕಾಗುತ್ತದೆ. ಇದನ್ನು ಯಾವ ಎರಕದ ನಂಬರೂ ಹೇಳುವುದಿಲ್ಲ. ಬ್ಯುರೆಟ್ಟು ಹೇಳಿತು.

ಅಕ್ಟೋಬರ್ 16, ಬುಧವಾರ

ಮೂರೂ 882ಗಳನ್ನು, ಎರಡು 461ಗಳನ್ನು ಮೆಷಿನ್ ಷಾಪಿಗೆ ಹೊತ್ತುಕೊಂಡು ಹೋದೆ. ಹೆಡ್ಡಿನ ಮೇಲೆ ಅಯಸ್ಕಾಂತದ ಕಾಲುಗಳನ್ನಿಟ್ಟು, ಕಬ್ಬಿಣದ ಪುಡಿ ಊದಿದರು. ಬಿರುಕಿದ್ದಲ್ಲಿ ಪುಡಿ ಸಾಲಾಗಿ ನಿಲ್ಲುತ್ತದೆ. ಎರಡು 882ಗಳಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಸೀಟುಗಳ ನಡುವೆ ಗೆರೆ ಎದ್ದಿತು. 882 ಹಗುರವಾಗಲಿ ಎಂದು ತೆಳ್ಳಗೆ ಎರಕ ಹೊಯ್ದದ್ದು, ಬಿಸಿ ಹೆಚ್ಚಾದರೆ ಬಿರಿಯುತ್ತದೆ ಎಂಬುದು ಈ ಕಸುಬಿನವರೆಲ್ಲ ಬಲ್ಲ ಮಾತು. ಇವೆರಡೂ ನೀರಿಲ್ಲದೆ ಎಲ್ಲೋ ಒಮ್ಮೆ ಕಾದಿರಬೇಕು. ಗುಜರಿಗೆ ಹೋಗಲಿ. ಮೂರನೆಯದು ಚೊಕ್ಕವಾಗಿದೆ. 461ಗಳು ಎರಡೂ ಚೊಕ್ಕ.

ಅಕ್ಟೋಬರ್ 19, ಶನಿವಾರ

ನಡುಗೆರೆ ಬೋಲ್ಟಿನ ಎರಡರ ನಂಬರನ್ನು ಇವತ್ತು ಮಗಳು ಓದಿದಳು: 12558062. ವೋರ್ಟೆಕ್ ಹೆಡ್ಡು. 1996ರಿಂದ ಪಿಕಪ್ಪು, ವ್ಯಾನುಗಳ 350 ಎಂಜಿನ್ನಿಗೆ ಬಂದದ್ದು. ಷೆಡ್ಡಿನ ಮೂಲೆಯಲ್ಲಿ, ಮೇಲೊಂದು ಪೇಂಟ್ ಡಬ್ಬ ಹೊತ್ತು ಕೂತಿದ್ದವು. ಗುಜರಿಯವನೂ ಕಾರ್ವೆಟ್ ಎಂದವನೂ ಇವುಗಳ ಕಡೆ ತಿರುಗಿ ನೋಡಿರಲಿಲ್ಲವಂತೆ.

ಓಡಿಸುವ ಎಂಜಿನ್ನಿಗೆ ನನ್ನನ್ನು ಕೇಳಿದರೆ, ಈ ರಾಶಿಯಲ್ಲಿ ಮೊದಲು ಎತ್ತಿಕೊಳ್ಳುವುದು ಇವನ್ನೇ. ವಾಲ್ವ್ ಅದೇ 1.94 ಮತ್ತು 1.50 ಇಂಚು, ಚೇಂಬರ್ ಅದೇ 64 ಸಿಸಿ. ಕಾಗದದಲ್ಲಿ ನೋಡಿದರೆ ಒಂಟೆ ಡುಬ್ಬದ್ದರಂತೆಯೇ. ಆದರೆ ಪೋರ್ಟಿನ ಚಾವಣಿ ಎತ್ತರ, ವಾಲ್ವಿನ ಕಡೆ ತಿರುಗುವ ಜಾಗ ನುಣುಪು, ಚೇಂಬರಿನ ಆಕಾರ ಬೇರೆ. ಗಾಳಿ ಹೆಚ್ಚು ಹೋಗುತ್ತದೆ, ಬೇಗ ಉರಿಯುತ್ತದೆ. ಮಾರುಕಟ್ಟೆಯಲ್ಲಿ ಹೆಸರು ಮಾಡಿದ್ದು 1962ರದ್ದು, ಕೆಲಸ ಚೆನ್ನಾಗಿ ಮಾಡುವುದು ಟ್ರಕ್ಕಿನದು. ನಡುವಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಂಜಿನಿಯರುಗಳು ಕಲಿತದ್ದೆಲ್ಲ ಆ ಪೋರ್ಟಿನೊಳಗಿದೆ. ಬೆರಳು ತೂರಿಸಿ ಎರಡನ್ನೂ ಹೋಲಿಸಿ ನೋಡು ಎಂದೆ. ಅವಳು ಕಣ್ಣು ಮುಚ್ಚಿ ನೋಡಿ, ‘ಹಳೇದರಲ್ಲಿ ತಿರುವಿನ ಹತ್ತಿರ ಮೂಲೆ ಕೈಗೆ ತಾಗುತ್ತೆ’ ಎಂದಳು.

ಇವುಗಳಿಗೂ ಷರತ್ತುಗಳಿವೆ. ಮ್ಯಾನಿಫೋಲ್ಡು ಎಂಟು ಬೋಲ್ಟಿನದೇ ಬೇಕು, ಹಳೆಯ ಹನ್ನೆರಡು ಬೋಲ್ಟಿನದು ಕೂರುವುದಿಲ್ಲ. ರಾಕರುಗಳು ತಾವೇ ನೇರ ನಿಲ್ಲುವ ಜಾತಿಯವು. ವಾಲ್ವಿನ ಲಿಫ್ಟ್ 0.460 ಇಂಚಿನ ಆಸುಪಾಸು ದಾಟಿದರೆ ಸ್ಪ್ರಿಂಗಿನ ಮೇಲಿನ ರಿಟೇನರು ವಾಲ್ವ್ ಗೈಡಿಗೆ ಬಡಿಯುತ್ತದೆ. ಇವೂ ಸೀಟುಗಳ ನಡುವೆ ಬಿರಿಯುವುದುಂಟು, ಅದಕ್ಕೆ ಸೋಮವಾರ ಮೆಷಿನ್ ಷಾಪಿಗೆ.

400 ಎಂಜಿನ್ನಿಗೆ ಬೇಕೆಂದು ಯಾರಾದರೂ ಬಂದರೆ ಹೇಳಬೇಕಾದ ಮಾತು ಬೇರೆ. ಅದರಲ್ಲಿ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ನೀರಿಗೆ ದಾರಿಯಿಲ್ಲ. ಅಲ್ಲಿ ಸೇರುವ ಆವಿ ಹೋಗಲು ಬ್ಲಾಕಿನಲ್ಲಿ ಸಣ್ಣ ತೂತುಗಳಿವೆ, ಹೆಡ್ಡಿನಲ್ಲೂ ಅವಕ್ಕೆ ಎದುರಾಗಿ ತೂತುಗಳಿರಬೇಕು. ನಮ್ಮ ಹದಿಮೂರರಲ್ಲಿ ಒಂದರಲ್ಲೂ ಅವಿಲ್ಲ. ಗ್ಯಾಸ್ಕೆಟ್ಟನ್ನು ಮಾದರಿಯಾಗಿಟ್ಟುಕೊಂಡು ಕೊರೆಸಬೇಕು.

ಅಕ್ಟೋಬರ್ 26, ಶನಿವಾರ

ಎಲ್ಲಕ್ಕೂ ಚೀಟಿ ಕಟ್ಟಿದ್ದಾಯಿತು. ನಂಬರು, ತಾರೀಖು, ಅಳೆದ ವಾಲ್ವು, ಅಳೆದ ಸಿಸಿ, ಸೀಟು ಗಟ್ಟಿಯೋ ಮೆತ್ತಗೋ, ಬಿರುಕು ಪರೀಕ್ಷೆ ಆಗಿದೆಯೋ ಇಲ್ಲವೋ. ಪರೀಕ್ಷೆ ಮಾಡಿಸದ್ದಕ್ಕೆ ‘ಮಾಡಿಸಿಲ್ಲ’ ಎಂದೇ ಬರೆದಿದ್ದೇನೆ. 062ಗಳು ಎರಡೂ ಚೊಕ್ಕವಾಗಿ ಬಂದವು.

ಕಾರ್ವೆಟ್ ಎಂದಿದ್ದವನು ಮಧ್ಯಾಹ್ನ ಬಂದ. 461ಗಳನ್ನು ಜೋಡಿಯೆಂದು ಕೊಳ್ಳಲು ತಯಾರಿದ್ದ, ಒಳ್ಳೆಯ ಬೆಲೆಯನ್ನೇ ಹೇಳಿದ. ಅಜ್ಜಿ ಚೀಟಿ ಓದಲು ಕೊಟ್ಟರು. ಒಂದರಲ್ಲಿ 1.94, ಇನ್ನೊಂದರಲ್ಲಿ 2.02, ಮಿಲ್ಲಿಂಗ್ ಆಗಿರುವುದು ಒಂದಕ್ಕೆ ಮಾತ್ರ. ಎರಡನ್ನೂ ಒಂದೇ ಎಂಜಿನ್ನಿಗೆ ಹಾಕಿದರೆ ಒಂದು ಸಾಲಿನ ಕಂಪ್ರೆಷನ್ ಇನ್ನೊಂದರದ್ದಕ್ಕಿಂತ ಹೆಚ್ಚು. ಅವನು ಬಹಳ ಹೊತ್ತು ನೋಡಿ, 1.94ರದ್ದೊಂದನ್ನು ಮಾತ್ರ ಕೊಂಡ. ಅದಕ್ಕೆ ಜೊತೆಯಾಗುವುದು ಅವನ ಹತ್ತಿರ ಇದೆಯಂತೆ. ಬೆಲೆ ಕಡಿಮೆಯಾಯಿತು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಅಜ್ಜ ಇದ್ದಿದ್ದರೂ ಹೀಗೇ ಬರೆದಿರುತ್ತಿದ್ದರು ಎಂದರು.

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ತನ್ನ ತಾತನ ಪಿಕಪ್ಪಿಗೆ ವೋರ್ಟೆಕ್ ಜೋಡಿ ಕೇಳಿದ್ದಾನೆ. ಬ್ಲಾಕು 350, ಬೇರೆ ಕ್ಯಾಮ್ ಶಾಫ್ಟು ಹಾಕಿಸಿದ್ದಾನಂತೆ. ಲಿಫ್ಟ್ ಎಷ್ಟೆಂದರೆ ಅವನಿಗೆ ನೆನಪಿಲ್ಲ. ಕ್ಯಾಮಿನ ಜೊತೆ ಬಂದ ಕಾರ್ಡು ಹುಡುಕಿ ನಾಳೆ ತರುತ್ತೇನೆ ಎಂದು ಹೋಗಿದ್ದಾನೆ. 0.460ಕ್ಕಿಂತ ಹೆಚ್ಚಿದ್ದರೆ ಗೈಡಿನ ಮೇಲ್ತುದಿ ತಗ್ಗಿಸಿ, ಸ್ಪ್ರಿಂಗು ಬದಲಿಸಿಯೇ ಕೊಡಬೇಕು, ಕಾರ್ಡು ನೋಡುವವರೆಗೆ ದುಡ್ಡು ತೆಗೆದುಕೊಳ್ಳಬೇಡಿ ಎಂದು ಅಜ್ಜಿಗೆ ಹೇಳಿ ಬಂದೆ.